ಅಜ್ಜನ ಗದ್ದಿಗೆಯ ಮೇಲಿನ ಹುಲ್ಲು

ಚಚಡಿ
ಗುರುವಾರ, ೧೮ ಸೆಪ್ಟೆಂಬರ್ ೨೦೨೫

ಚಿ. ಸೌ. ಮೀನಾಗೆ ನಿನ್ನ ಆಯಿಯ ಆಶೀರ್ವಾದ, ಬೈಗುಳ ಎರಡೂ.

ಮೊದಲು ಪತ್ರ ಓದು, ಆಮೇಲೆ ಬಾಟಲಿ ಬಿಚ್ಚು. ಎರಡನ್ನೂ ನಿನ್ನ ಕೈಯಲ್ಲೇ ಕೊಡಬೇಕು ಅಂತ ನಮ್ಮೂರ ಟಂಟಂ ಗಾಡಿಯ ಪರಸಪ್ಪನಿಗೆ ಆಣೆ ಹಾಕಿ ಕಳಿಸಿದ್ದೇನೆ. ಬಾಟಲಿಯಲ್ಲಿ ಇರುವುದು ಉಪ್ಪಿನಕಾಯಿ ಅಲ್ಲ, ಹುಳ. ಸತ್ತಿದೆ, ಹೆದರಬೇಡ. ಬಸಿರಿ ಇಂಥದ್ದನ್ನೆಲ್ಲ ನೋಡಬಾರದು ಅಂತ ನಿಮ್ಮ ಓಣಿಯಲ್ಲಿ ಯಾರಾದರೂ ಅಂದರೆ, ಬಸಿರಿ ಉಪವಾಸ ಇರಬಹುದೇನು ಅಂತ ಅವರನ್ನೇ ತಿರುಗಿ ಕೇಳು.

ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಪತ್ರ ಶುರು ಮಾಡುವುದನ್ನು ನಮ್ಮ ಸಾಲಿಯ ಮಾಸ್ತರರು ಕಲಿಸಿದ್ದರು. ನಾಲ್ಕನೇ ಇಯತ್ತೆಗೆ ನನ್ನ ಓದು ಮುಗಿಯಿತು, ಅಷ್ಟಾದರೂ ನೆನಪಿದೆ. ಆದರೆ ಇವತ್ತು ಅದನ್ನು ಬರೆದರೆ ಎರಡೂ ಸುಳ್ಳಾಗುತ್ತವೆ. ಇಲ್ಲಿ ನನ್ನ ಮಗ, ನಿನ್ನ ಅಪ್ಪ, ನಿದ್ದೆ ಬಿಟ್ಟಿದ್ದಾನೆ. ಅಲ್ಲಿ ನೀನು ಅನ್ನ ಬಿಟ್ಟಿದ್ದೀ.

ಮೊನ್ನೆ ನಿನ್ನ ಅತ್ತೆಯವರು ಫೋನು ಮಾಡಿದ್ದರು. ನಿನ್ನ ಅವ್ವ ಗಂಗಾ ಅದನ್ನು ಕಿವಿಗೆ ಹಿಡಿದುಕೊಂಡು ಹೂಂ ಹೂಂ ಅನ್ನುತ್ತ ಕಟ್ಟೆಯ ಮೇಲೆ ಕುಳಿತವಳು, ಫೋನು ಇಟ್ಟ ಮೇಲೂ ಏಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ನಾನು ಗದರಿಸಿದ ಮೇಲೆ ಬಾಯಿ ಬಿಟ್ಟಳು: ಮೀನಾ ದಿನವಿಡೀ ಏನೂ ತಿನ್ನುವುದಿಲ್ಲವಂತೆ, ಹೊತ್ತು ಮುಳುಗಿದ ಮೇಲೆ ಒಂದು ಮುದ್ದೆ ಅನ್ನ ಅಷ್ಟೇ ಅಂತೆ, ಅಜ್ಜನ ಮೇಲೆ ತನ್ನ ಹಿಡಿ ವಿಭೂತಿ ಬೀಳುವವರೆಗೆ ಹೀಗೇ ಅಂತ ಹರಕೆ ಹೊತ್ತಿದ್ದಾಳಂತೆ. ಆರು ತಿಂಗಳ ಬಸಿರಿ. ನಿನ್ನ ಗಂಡ ಸದಾಶಿವ ಕೈಮುಗಿದು ಹೇಳಿದರೂ ಕೇಳಲಿಲ್ಲವಂತೆ. ನಾನು ಫೋನು ಮಾಡಿದರೆ ನೀನು ಅಳುತ್ತೀ, ಅಳುತ್ತ ಇಟ್ಟುಬಿಡುತ್ತೀ. ಅದೂ ಅಲ್ಲದೆ ನಿಮ್ಮ ಮನೆಯಲ್ಲಿ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ದೊಡ್ಡದು ಮಾಡಿ ಇಡುತ್ತಾರೆ. ನಾನು ಬೈದದ್ದನ್ನು ಬೆಕ್ಕಿನವರೆಗೆ ಎಲ್ಲರೂ ಕೇಳಬೇಕೇನು? ಅದಕ್ಕೆ ಈ ಪತ್ರ. ಪತ್ರ ಹಿಡಿದುಕೊಂಡು ಅಳು, ಪರವಾಗಿಲ್ಲ, ಆದರೆ ಪೂರ್ತಿ ಓದು.

ನಿನ್ನ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ನಮ್ಮಲ್ಲಿ ಮಣ್ಣಿಗೆ ಇಡುವಾಗ ಮನೆಯವರೆಲ್ಲ ಒಂದೊಂದು ಹಿಡಿ ವಿಭೂತಿ, ಒಂದೊಂದು ಬಿಲ್ವಪತ್ರೆ ಹಾಕುತ್ತಾರೆ. ಜೂನ್ ತಿಂಗಳಲ್ಲಿ ಅಜ್ಜ ಹೋದಾಗ ಊರವರ ಹಿಡಿ ಬಿತ್ತು, ಜೀವಮಾನವಿಡೀ ಅವರ ಜೊತೆ ಬದುವಿನ ಜಗಳ ಆಡಿದವರ ಹಿಡಿಯೂ ಬಿತ್ತು. ಅವರ ತೊಡೆಯ ಮೇಲೆ ಬೆಳೆದವಳದ್ದು ಬೀಳಲಿಲ್ಲ. ಆಗ ನಿನಗೆ ಮೂರನೇ ತಿಂಗಳು. ಬಸಿರಿ ಹೆಣ ನೋಡಬಾರದು, ಗುಣಿಯ ಹತ್ತಿರ ನಿಲ್ಲಬಾರದು ಅನ್ನುವುದು ನಾನು ಹುಟ್ಟಿಸಿದ ಪದ್ಧತಿ ಅಲ್ಲ. ಆದರೆ ಸಾಲಹಳ್ಳಿಯಿಂದ ಹೊರಟಿದ್ದ ನಿಮ್ಮ ಗಾಡಿಯನ್ನು ಫೋನು ಮಾಡಿ ತಿರುಗಿಸಿದವಳು ನಾನು. ಇವತ್ತು ಅಂಥದೇ ಹೊತ್ತು ಬಂದರೂ ತಿರುಗಿಸುತ್ತೇನೆ. ಹೋದ ವರ್ಷ ಮೊದಲನೆಯದು ನಿಲ್ಲದೆ ಹೋದಾಗ ನೀನು ಆಸ್ಪತ್ರೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನು ನಾನು ಇನ್ನೊಮ್ಮೆ ನೋಡಲಾರೆ. ನನಗಿರುವ ಹೆದರಿಕೆ ಅದೊಂದೇ, ಉಳಿದದ್ದೆಲ್ಲ ಬರೀ ಮಾತು.

ಈಗ ಹುಲ್ಲಿನ ಕಥೆ ಕೇಳು. ನಿನಗೆ ಇದನ್ನು ಯಾರೂ ನೆಟ್ಟಗೆ ಹೇಳಿರುವುದಿಲ್ಲ.

ಬಾವಿಯ ಆಚೆ ಹೊಲದಲ್ಲಿ ಅಜ್ಜನನ್ನು ಇಟ್ಟಿದ್ದೇವೆ. ಗದ್ದಿಗೆಗೆ ಕಲ್ಲು ಕಟ್ಟಿಸುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಬರೀ ಮಣ್ಣಿನ ದಿಬ್ಬ. ಆ ಬೋಳು ಮಣ್ಣು ನಿನ್ನ ಅಪ್ಪನಿಗೆ ನೋಡಲಾಗಲಿಲ್ಲ. ಬೈಲಹೊಂಗಲದಲ್ಲಿ ಯಾವುದೋ ಮದುವೆಗೆ ಹೋದವನು ಕಲ್ಯಾಣಮಂಟಪದ ಮುಂದೆ ಹಸಿರು ಹುಲ್ಲು ಹಾಸಿದ್ದನ್ನು ನೋಡಿಕೊಂಡು ಬಂದ. ಲಾನ್ ಅಂತೆ. ಮರುದಿನವೇ ಅಲ್ಲಿಯ ನರ್ಸರಿಯಿಂದ ಮಣ್ಣು ಸಮೇತ ಚಾಪೆಯ ಹಾಗೆ ಕತ್ತರಿಸಿದ ಹುಲ್ಲಿನ ತುಂಡುಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದ. ನಾನು ಸುಮ್ಮನಿರಲಿಲ್ಲ. ಆಯುಷ್ಯವಿಡೀ ಹೊಲದ ಕರಿಕೆ ಹುಲ್ಲು ಕಿತ್ತು ಕಿತ್ತು ಬೆನ್ನು ಬಾಗಿಸಿಕೊಂಡ ಮನುಷ್ಯ, ಈಗ ಅವನ ಮೈಮೇಲೆ ನೀನೇ ಹುಲ್ಲು ಹಾಸುತ್ತೀಯಲ್ಲೋ, ಎದ್ದು ಬಂದು ಕಳೆ ಕೀಳುವ ಕುರ್ಚಿಗೆಯನ್ನು ಕೇಳಿದರೆ ಏನು ಮಾಡುತ್ತೀ ಅಂದೆ. ಅವನು ನಗಲಿಲ್ಲ. ದುಃಖಕ್ಕೆ ಕೈತುಂಬ ಕೆಲಸ ಬೇಕು, ಮಾಡಲಿ ಅಂತ ಬಿಟ್ಟೆ.

ಮಾಡಿದ, ಬೇಡದಷ್ಟು ಮಾಡಿದ. ದಿಬ್ಬದ ಮೇಲೆ ಸಗಣಿ ಗೊಬ್ಬರ ಹರಡಿ ಅದರ ಮೇಲೆ ಹುಲ್ಲು ಕೂಡಿಸಿದ. ಬಾವಿಯಿಂದ ಪೈಪು ಎಳೆದು ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ನೀರು. ಅಪ್ಪ ಕತ್ತಲೆಯಲ್ಲಿ ಇರಬಾರದು ಅಂತ ಕಂಬ ನೆಟ್ಟು, ಬೆಳತನಕ ಉರಿಯುವ ದೊಡ್ಡ ಬಲ್ಬು ಹಾಕಿದ. ಶ್ರಾವಣದಲ್ಲಿ ನೋಡಬೇಕಿತ್ತು ನೀನು, ಗಿಳಿಯ ರೆಕ್ಕೆಯ ಹಾಗೆ ಇತ್ತು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಮಗ ಅಂದರೆ ಹೀಗಿರಬೇಕು ಅನ್ನುತ್ತಿದ್ದರು.

ಗಣಪತಿ ಹೋದ ಮೇಲೆ ಮಣ್ಣು ಏಳತೊಡಗಿತು.

ದಿಬ್ಬದ ಮೇಲೆ, ಹುಲ್ಲಿನ ಕೆಳಗೆ, ಮುದುಕರ ಕೈಯ ನರ ಎದ್ದ ಹಾಗೆ ಬೆರಳು ಗಾತ್ರದ ಗೆರೆಗಳು. ಅಂಕುಡೊಂಕಾಗಿ ಓಡಿದ್ದವು. ಅವು ಹೋದಲ್ಲೆಲ್ಲ ಹುಲ್ಲು ಹಳದಿಯಾಯಿತು. ನಿನ್ನ ಅಪ್ಪ ಮುಂಜಾನೆ ಅಂಗೈಯಿಂದ ಒತ್ತಿ ಸಮ ಮಾಡಿ ಬರುತ್ತಿದ್ದ, ಮರುದಿನ ನೋಡಿದರೆ ಮತ್ತೆ ಎದ್ದಿರುತ್ತಿತ್ತು. ಅದರ ಮೇಲೆ ಸಂಜೆ ದೀಪದ ಹೊತ್ತಿಗೆ ನೆಲದ ಒಳಗಿಂದ ಗುರ್ರ್ ಅಂತ ಒಂದು ಸದ್ದು. ಬಿಟ್ಟು ಬಿಟ್ಟು ಬರುವುದಲ್ಲ, ಒಂದೇ ಸಮನೆ. ಹತ್ತಿರ ಹೆಜ್ಜೆ ಇಟ್ಟರೆ ಗಪ್ಪನೆ ನಿಲ್ಲುತ್ತಿತ್ತು. ದೂರ ಸರಿದರೆ ಮತ್ತೆ ಶುರು.

ನಮ್ಮ ಪಕ್ಕದ ಹೊಲದ ಸತ್ಯವ್ವ ನಿನಗೆ ಗೊತ್ತಲ್ಲ, ಮೇವಿಗೆ ಬಂದವಳು ಆ ಸದ್ದು ಕೇಳಿ ಕುಡುಗೋಲು ಅಲ್ಲೇ ಬಿಟ್ಟು ಓಡಿದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು: ನಿಜಗುಣಪ್ಪಜ್ಜನ ಜೀವ ನಿಂತಿಲ್ಲ, ಯಾರದೋ ಹಿಡಿ ಬಾಕಿ ಇದೆ, ಅದಕ್ಕೇ ಮಣ್ಣು ದೂಡುತ್ತಾನೆ, ನರಳುತ್ತಾನೆ. ಅವಳ ತಂಗಿಯನ್ನು ಕೊಟ್ಟಿದ್ದು ನಿಮ್ಮ ಸಾಲಹಳ್ಳಿಗೇ. ನಮ್ಮ ಕಡೆ ಮಳೆ ತಡವಾಗಬಹುದು, ಸುದ್ದಿ ತಡವಾದದ್ದಿಲ್ಲ. ನಿನ್ನ ಕಿವಿಗೆ ಅದು ಹೇಗೆ ಬಂತು ಅಂತ ನಾನು ಕೇಳುವುದೂ ಬೇಡ.

ನರಳುತ್ತಾನಂತೆ. ಐವತ್ತು ವರ್ಷ ಪಕ್ಕದಲ್ಲಿ ಮಲಗಿದವಳು ನಾನು. ಕಾಲು ಮುರಿದಾಗಲೂ ಆ ಮನುಷ್ಯ ನರಳಲಿಲ್ಲ, ಎತ್ತಿಗೆ ಬೈದ ಅಷ್ಟೇ.

ಆದರೆ ನಿನ್ನ ಅಪ್ಪನಿಗೆ ಆ ಮಾತು ನಾಟಿತು. ಒಂದು ಮುಂಜಾನೆ ನಾನು ಹೋಗಿ ನೋಡುತ್ತೇನೆ, ದಿಬ್ಬದ ಹತ್ತಿರ ಮಂಡಿಯೂರಿ ಕುಳಿತಿದ್ದಾನೆ, ಎರಡೂ ಅಂಗೈ ಮಣ್ಣಿನ ಮೇಲೆ. ನನ್ನ ಮುಖ ನೋಡದೆ ಅಂದ:

“ಯವ್ವಾ, ಅಪ್ಪ ಒಳಗಿಂದ ದೂಡಾಕ ಹತ್ಯಾನ. ಕೈಗೆ ಹತ್ತತೈತಿ ನೋಡು.”

ಐವತ್ತರ ಹತ್ತಿರದ ಗಂಡಸು, ಸಣ್ಣ ಹುಡುಗನ ಹಾಗೆ. ನಾನು ಏನು ಹೇಳಿದೆನೋ ನೆನಪಿಲ್ಲ. ಏನೋ ಬೈದಿರಬೇಕು.

ಅದೇ ದಿನ ಅವನು ಎಲ್ಲಿಗೋ ಹೋಗಿ ಯಾರನ್ನೋ ಕೇಳಿಕೊಂಡು ಬಂದ. ಬರುವ ರವಿವಾರದ ಅಮಾವಾಸ್ಯೆಗೆ ಹುಲ್ಲು ತೆಗೆದು, ಒಳಗಿನ ಹಾಸುಗಲ್ಲಿನವರೆಗೆ ಮಣ್ಣು ತೋಡಿ, ಕಲ್ಲು ಸರಿಸಿ, ಮೀನಾಳ ಕೈಯಿಂದ ಒಂದು ಹಿಡಿ ವಿಭೂತಿ ಹಾಕಿಸಿ ಮತ್ತೆ ಮುಚ್ಚುವುದು ಅಂತ ನಿಶ್ಚಯ ಮಾಡಿದ. ಅಯ್ಯನವರನ್ನು ಕರೆಸಿ ಕೇಳಿದ. ನಿಮ್ಮ ಮನಸ್ಸಿಗೆ ಹೇಗೆ ಸಮಾಧಾನವೋ ಹಾಗೆ ಅಂತ ಹೇಳಿ ಚಹಾ ಕುಡಿದು ಹೋದರು ಅವರು. ಚಹಾಕ್ಕೆ ಸಕ್ಕರೆ ಹಾಕಿದ್ದಕ್ಕೆ ನನಗೆ ಈಗಲೂ ಸಿಟ್ಟಿದೆ. ಮೂರನೇ ತಿಂಗಳಲ್ಲಿ ಗುಣಿ ಮುಚ್ಚುವಾಗ ಬರಬೇಡ ಅಂದವರು ಆರನೇ ತಿಂಗಳಲ್ಲಿ ತೆರೆದ ಗುಣಿಯ ದಂಡೆಯ ಮೇಲೆ ನಿಲ್ಲಿಸುತ್ತಾರಂತೆ ನಿನ್ನನ್ನು. ಅಷ್ಟು ದಿನದ ಮೇಲೆ ಅದರ ಒಳಗೆ ಏನಿರುತ್ತದೆ ಅಂತ ಬರೆಯಲು ನನ್ನ ಕೈ ಏಳುವುದಿಲ್ಲ. ನೀನು ನೋಡುವುದು ಅಜ್ಜನನ್ನಲ್ಲ ಅಂತ ಮಾತ್ರ ತಿಳಿದುಕೋ.

ಸೋಮವಾರ ಬಿಸಿಲು ಏರುವ ಮೊದಲೇ ಕೋಲು ಹಿಡಿದುಕೊಂಡು ಒಬ್ಬಳೇ ಹೊಲಕ್ಕೆ ಹೋದೆ. ಅಷ್ಟು ದಿನ ನಾನೂ ದೂರದಿಂದಲೇ ನೋಡಿ ಕೈಮುಗಿದು ಬರುತ್ತಿದ್ದೆ. ಅವತ್ತು ಹತ್ತಿರ ಕುಳಿತೆ. ಹುಲ್ಲಿನ ಒಂದು ಎಳೆ ಹಿಡಿದು ಎಳೆದರೆ ಬೇರಿಲ್ಲದೆ ಕೈಗೆ ಬಂತು. ಕತ್ತರಿಸಿದ ಹಾಗೆ. ಇಲಿಯ ಕೆಲಸವೇನೋ ಅಂತ ನೋಡಿದೆ. ಇಲಿಯಾದರೆ ಬಿಲದ ಬಾಯಿಗೆ ಮುಷ್ಟಿ ಹೋಗುವಷ್ಟು ತೂತು, ಪಕ್ಕದಲ್ಲಿ ಮಣ್ಣಿನ ಗುಡ್ಡೆ ಇರುತ್ತದೆ. ಇಲ್ಲಿ ತೂತು ಬೆರಳಿನಷ್ಟೇ. ಒರಲಿ, ಗೆದ್ದಲು ಆದರೆ ಮಣ್ಣಿನ ಹೊದಿಕೆ ಒಣಗಿ ಹೆಕ್ಕಳಿಕೆಯಾಗಿರುತ್ತದೆ, ಇದು ಹಸಿ. ಕಬ್ಬಿನ ಬೇರು ತಿನ್ನುವ ಬಿಳಿ ಗೊಣ್ಣೆ ಹುಳ ಅನ್ನೋಣವೆಂದರೆ ಅದು ಕೆಳಗೇ ಕುಳಿತು ತಿನ್ನುತ್ತದೆ, ಹೀಗೆ ಗೆರೆ ಎಬ್ಬಿಸಿ ಊರು ತಿರುಗುವುದಿಲ್ಲ. ಕೋಲಿನ ತುದಿಯಿಂದ ಒಂದು ಗೆರೆಯನ್ನು ಸೀಳಿದೆ. ಒಳಗೆ ನುಣ್ಣನೆಯ ಸುರಂಗ, ಕುಂಬಾರ ಬೆರಳಾಡಿಸಿದ ಹಾಗೆ.

ಆಗ ನೆನಪಾಯಿತು. ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಮೆಣಸಿನ ಸಸಿ ಹಾಕುತ್ತಿದ್ದೆವು. ರಾತ್ರಿ ಚೆಂದ ನಿಂತ ಸಸಿ ಮುಂಜಾನೆ ಬಿದ್ದಿರುತ್ತಿತ್ತು, ಮಡಿಯ ತುಂಬ ಇಂಥವೇ ಗೆರೆ. ನನ್ನ ಅತ್ತೆ ಅದಕ್ಕೆ ಮಣ್ಣಜೀರುಂಡಿ ಅನ್ನುತ್ತಿದ್ದಳು. ನೆಲದೊಳಗೆ ಇರುವ ಜೀರುಂಡೆ. ಸಂಜೆ ಅದರ ಗಂಡು ತೂತಿನ ಬಾಯಿಗೆ ಬಂದು ಕೂಗುತ್ತದೆ, ಹೆಣ್ಣನ್ನು ಕರೆಯಲಿಕ್ಕೆ. ಈ ಊರು ಅದನ್ನು ಸತ್ತವನ ಸಂಕಟ ಅಂದುಕೊಂಡು ಎರಡು ವಾರ ಕೈಮುಗಿದಿದೆ ನೋಡು.

ಗೊತ್ತಾಯಿತು ಅಂದರೆ ಸಾಕಾಗುವುದಿಲ್ಲ, ತೋರಿಸಬೇಕು. ನಿನ್ನ ಅಪ್ಪ ನನ್ನ ಮಾತು ನಂಬುವ ಸ್ಥಿತಿಯಲ್ಲಿ ಇರಲಿಲ್ಲ. ಸಂಜೆ ಹೊತ್ತು ಇಳಿಯುವಾಗ ಅವನನ್ನು, ಗಂಗಾಳನ್ನು, ಮುಖ್ಯವಾಗಿ ಸತ್ಯವ್ವನನ್ನು ಕರೆದುಕೊಂಡು ಹೊಲಕ್ಕೆ ಹೋದೆ. ಬಟ್ಟೆ ತೊಳೆಯುವ ಪುಡಿಯನ್ನು ಬಕೆಟ್ಟಿನಲ್ಲಿ ನೊರೆ ಬರುವ ಹಾಗೆ ಕಲಸಿ ಗದ್ದಿಗೆಯ ಮೇಲೆ ಸುರಿಯಲು ಎತ್ತಿದೆ. ನಿನ್ನ ಅವ್ವ ನನ್ನ ಕೈ ಹಿಡಿದಳು. ಸತ್ಯವ್ವ ಎರಡೂ ಕಿವಿ ಮುಟ್ಟಿಕೊಂಡು ಶಿವ ಶಿವ ಅಂದಳು. ದಿನಾ ಹಾಲು, ನೀರು, ಪತ್ರಿ ಏರಿಸುವ ಜಾಗಕ್ಕೆ ಮೈಲಿಗೆ ತೊಳೆಯುವ ನೀರೇ ಅಂತ. ನಿನ್ನ ಅಪ್ಪನ ಮುಖ ಕಪ್ಪಿಟ್ಟಿತು, ಅವನೂ ಅಡ್ಡ ಬಂದ. ನಾನಂದೆ:

“ಸರಿ ಆಚೆ. ಐವತ್ತ ವರ್ಷ ಇವರ ಅಂಗಿ, ಧೋತರ ಒಗದ ಕೈ ಇದು. ಸಾಬಾಣ ನೋಡಿದ್ರ ಇವರು ಸಿಟ್ಟಾಗೂದಿಲ್ಲ, ನನ್ನ ಹೇಂತಿ ಬಂದ್ಲು ಅಂತ ಗುರ್ತ ಹಿಡೀತಾರ.”

ಸುರಿದೆ. ನೊರೆ ಇಂಗಿತು. ಎಲ್ಲರೂ ದಿಬ್ಬದ ಕಡೆ ಬಗ್ಗಿ ನಿಂತರು. ನನಗೂ ಧೈರ್ಯವಿರಲಿಲ್ಲ ಅಂತ ಈಗ ಬರೆಯಬಹುದು. ಏನೂ ಬರದೆ ಹೋಗಿದ್ದರೆ ನಿನ್ನನ್ನು ಆ ದಂಡೆಯಿಂದ ತಡೆಯಲು ನನ್ನ ಹತ್ತಿರ ಮತ್ತೇನೂ ಇರಲಿಲ್ಲ. ತುಸು ಹೊತ್ತು ಏನೂ ಆಗಲಿಲ್ಲ. ಆಮೇಲೆ ಹುಲ್ಲಿನ ನಡುವೆ ಮಣ್ಣು ಅಲುಗಿತು. ನಿನ್ನ ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ. ತೂತಿನಿಂದ ಒಂದು ಕಂದು ತಲೆ ಹೊರಗೆ ಬಂತು, ಅದರ ಹಿಂದೆ ಸಲಿಕೆಯಂಥ ಎರಡು ಮುಂಗಾಲು. ಪೂರ್ತಿ ಬಂದು ನೊರೆಯಲ್ಲಿ ಒದ್ದಾಡಿತು. ಅದರ ಹಿಂದೆ ಇನ್ನೊಂದು. ಆ ಕಡೆಯಿಂದ ಮತ್ತೆರಡು. ಮೀನಾ, ಆಮೇಲೆ ಜಾತ್ರೆಯಿಂದ ಜನ ಹೊರಟ ಹಾಗೆ ಬಂದವು.

ಒಂದನ್ನು ಹಿಡಿದು ನಿನ್ನ ಅಪ್ಪನ ಅಂಗೈಯಲ್ಲಿ ಇಟ್ಟು ಮುಷ್ಟಿ ಕಟ್ಟಿಸಿದೆ. ಅದು ಬೆರಳ ಸಂದಿಯನ್ನು ಬಲವಾಗಿ ದೂಡತೊಡಗಿತು. ಅಷ್ಟು ಸಣ್ಣ ಹುಳಕ್ಕೆ ಅಷ್ಟು ಶಕ್ತಿ. ಕೈಗೆ ಹತ್ತುತ್ತದೆಯೇನು ಅಂತ ಕೇಳಿದೆ. ಅವನು ಮುಷ್ಟಿ ಬಿಡಲೇ ಇಲ್ಲ, ಹಾಗೇ ನಿಂತು ಅತ್ತ. ಮಣ್ಣಿಗೆ ಇಟ್ಟ ದಿನ ಅಳದೆ ನಿಂತವನು.

ಸತ್ಯವ್ವ ಸೋಲುವವಳೇ? ಹುಳ ಆದರೂ ಬೇರೆ ಯಾರ ಹೊಲಕ್ಕೂ ಬರದೆ ಅಜ್ಜನ ಮೇಲೇ ಯಾಕೆ ಬಂತು ಅಂತ ಕೇಳಿದಳು. ಕೇಳಬೇಕಾದ ಮಾತೇ, ಇಲ್ಲ ಅನ್ನುವುದಿಲ್ಲ.

“ಕರದದ್ದಕ್ಕ ಬಂತು,” ಅಂದೆ. “ಗೊಬ್ಬರದ ಹಾಸಿಗಿ ಹಾಸೇವಿ, ಎರಡ ಹೊತ್ತು ನೀರು ಕೊಟ್ಟೇವಿ, ದಾರಿ ಕಾಣಲೆಂತ ರಾತ್ರಿ ಪೂರಾ ದೀಪಾ ಹಚ್ಚೇವಿ. ಇಷ್ಟ ಉಪಚಾರ ಮಾಡಿದ್ರ ನಿನ್ನ ಮನಿಗೂ ಬೀಗರು ಬಂದು ಕುಂತಾರು.”

ಸತ್ಯ ಅದೇ, ಮೀನಾ. ಈ ಹುಳಕ್ಕೆ ರೆಕ್ಕೆ ಇದೆ, ಕತ್ತಲಾದ ಮೇಲೆ ಹಾರುತ್ತದೆ, ಬೆಳಕಿಗೆ ಮುತ್ತುತ್ತದೆ. ಕೆಲವು ನರ್ಸರಿಯ ಮಣ್ಣಿನ ಜೊತೆಗೇ ಬಂದಿರಲೂಬಹುದು. ಉಳಿದವು ಬಲ್ಬು ನೋಡಿ ಇಳಿದವು, ಕೆಳಗೆ ಮೆತ್ತನೆಯ ಹಸಿ ಮಣ್ಣು ಸಿಕ್ಕಿತು, ಸಂಸಾರ ಹೂಡಿದವು. ಸುತ್ತಲಿನ ಹೊಲ ಒಣಗಿ ಗಟ್ಟಿಯಾಗಿದೆ, ಅಲ್ಲಿ ಯಾಕೆ ಹೋದಾವು? ಅಜ್ಜನ ಸಮಾಧಾನಕ್ಕೆ ಅಂತ ನಿನ್ನ ಅಪ್ಪ ಮಾಡಿದ್ದೆಲ್ಲ ಹುಳದ ಸಮಾಧಾನಕ್ಕಾಯಿತು. ಇದನ್ನು ಅವನ ಮುಂದೆ ಬಿಡಿಸಿ ಹೇಳಿಲ್ಲ, ನೀನೂ ಹೇಳಬೇಡ.

ಈಗ ಬಲ್ಬನ್ನು ಗದ್ದಿಗೆಯಿಂದ ತೆಗೆದು ದೂರದ ಬದುವಿಗೆ ಹಾಕಿಸಿದ್ದೇನೆ. ಅದರ ಕೆಳಗೆ ದೊಡ್ಡ ತಗಡಿನ ಬುಟ್ಟಿಯಲ್ಲಿ ಸಾಬೂನಿನ ನೀರು. ಹಾರಿ ಬಂದವು ಬಲ್ಬಿಗೆ ಬಡಿದು ಅದರಲ್ಲಿ ಬೀಳುತ್ತವೆ, ಮುಂಜಾನೆ ಕಾಗೆಗಳಿಗೆ ಹಬ್ಬ. ಸಂಜೆಯ ನೀರು ನಿಲ್ಲಿಸಿದ್ದೇನೆ. ಮುಂಜಾನೆ ಮಾತ್ರ, ಅದೂ ಮಣ್ಣು ಒಣಗಿದ್ದು ನೋಡಿ. ಎದ್ದ ಗೆರೆಗಳನ್ನು ಗಂಗಾ ಕಾಲಿನಿಂದ ತುಳಿಯಲು ಒಪ್ಪಲಿಲ್ಲ, ಮಾವನವರ ಮೇಲೆ ಕಾಲಿಡುವುದು ಹೇಗೆ ಅಂತ. ಅದಕ್ಕೆ ಲಟ್ಟಣಿಗೆಯ ಹಾಗೆ ಒಂದು ದುಂಡು ಕಟ್ಟಿಗೆ ಉರುಳಿಸುತ್ತಾಳೆ, ಬೇರು ಮತ್ತೆ ಮಣ್ಣಿಗೆ ಅಂಟಬೇಕಲ್ಲ. ಬೇವಿನ ಹಿಂಡಿಯನ್ನು ಪುಡಿ ಮಾಡಿ ಮೇಲೆ ಉದುರಿಸಿದ್ದೇವೆ. ದಿನಾ ಸಂಜೆ ಒಂದೊಂದು ಕಡೆ ಸಾಬೂನಿನ ನೀರು ಹಾಕಿ, ಹೊರಬಂದವನ್ನು ಆರಿಸುತ್ತೇವೆ. ಒಳಗೆ ಮೊಟ್ಟೆ ಇರುತ್ತದೆ, ಮರಿ ಏಳುತ್ತದೆ, ಒಂದೇ ಸಲಕ್ಕೆ ಮುಗಿಯುವುದಿಲ್ಲ ಅಂತ ನನಗೂ ಗೊತ್ತು. ಈ ಹೊತ್ತಿಗೆ ಗೆರೆಗಳು ಕಡಿಮೆಯಾಗಿವೆ. ಪೂರ್ತಿ ಹೋಗಿವೆ ಅಂತ ಸುಳ್ಳು ಬರೆಯುವುದಿಲ್ಲ.

ಒಂದು ಮೂಲೆಗೆ ಮಾತ್ರ ಇನ್ನೂ ಸಾಬೂನಿನ ನೀರು ಹಾಕಿಲ್ಲ. ಅವರ ಮುಖ ಇರುವ ಕಡೆಯದು. ಅದನ್ನು ನಾನೇ ಮಾಡುತ್ತೇನೆ, ನೀವು ಮುಟ್ಟಬೇಡಿ ಅಂದಿದ್ದೇನೆ. ಮೂರು ಸಂಜೆಯಾಯಿತು, ಬಕೆಟ್ಟು ತೆಗೆದುಕೊಂಡು ಹೋಗುತ್ತೇನೆ, ಒಳಗಿನ ಹುಳ ಕೂಗಲು ಶುರು ಮಾಡುತ್ತದೆ, ಸ್ವಲ್ಪ ಕೂರುತ್ತೇನೆ, ಹೊತ್ತಾಗಿಬಿಡುತ್ತದೆ. ನಾಳೆ ಮಾಡುತ್ತೇನೆ.

ನಿನ್ನ ಅಪ್ಪ ಕೃಷಿ ಇಲಾಖೆಯವರನ್ನೂ ಕೇಳಿ ಬಂದ. ಅವರೂ ಇದೇ ಹುಳ ಅಂದರು. ತೌಡಿಗೆ ಬೆಲ್ಲ, ಔಷಧ ಕಲಸಿ ಸಂಜೆ ಇಟ್ಟರೆ ತಿಂದು ಸಾಯುತ್ತದೆ ಅಂತ ದಾರಿ ಹೇಳಿದರು. ತಪ್ಪೇನಿಲ್ಲ, ಹೊಲಕ್ಕೆ ಮಾಡುವವರು ಮಾಡುತ್ತಾರೆ. ಇಲ್ಲಿ ಬೇಡ ಅಂದೆ. ಬುಟ್ಟಿಗೆ ಬರುವ ಕಾಗೆ ಇದೆ, ನವಿಲು ಬರುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಆ ಹುಲ್ಲಿನ ಮೇಲೆ ಅಂಬೆಗಾಲಿಕ್ಕುವವರು ಒಬ್ಬರು ಬರಬೇಕಿದೆ. ಆ ವಯಸ್ಸಿಗೆ ನೀನು ಕೈಗೆ ಸಿಕ್ಕ ಮಣ್ಣನ್ನೆಲ್ಲ ತಿನ್ನುತ್ತಿದ್ದೆ, ಅದು ಯಾರ ಮಗು?

ಇಷ್ಟೆಲ್ಲ ಆದ ಮೇಲೂ ರವಿವಾರ ಗುಣಿ ತೆಗೆಯುವ ಮಾತು ನಿಂತಿಲ್ಲ. ಅದಕ್ಕೇ ನನ್ನ ಎದೆಯಲ್ಲಿ ಕಲ್ಲು. ಹುಳ ನೋಡಿದ, ಕೈಯಲ್ಲಿ ಹಿಡಿದ, ಸದ್ದಿಗೆ ಕಾರಣ ಗೊತ್ತಾಯಿತು. ಆದರೂ ನಿನ್ನೆ ಊಟಕ್ಕೆ ಕುಳಿತಾಗ ತಟ್ಟೆ ನೋಡುತ್ತ ಅಂದ:

“ಹುಳಾ ಖರೇ, ಯವ್ವಾ. ಆದ್ರ ಮೀನಾ ಉಣ್ಣಾಕ ಒಲ್ಲೆ ಅಂತಾಳಲ್ಲ, ಅದೂ ಖರೇನ. ಅಕಿ ಸಮಾಧಾನಕ್ಕರ ತೆಗೀಬೇಕು.”

ತಿಳಿಯಿತೇನು? ಈಗ ಅವನು ಗುಣಿ ತೆಗೆಯುವುದು ಅಜ್ಜನಿಗಾಗಿ ಅಲ್ಲ, ನಿನಗಾಗಿ. ನೀನು ಉಪವಾಸ ಬಿಡುವುದು ಅವನು ಗುಣಿ ತೆಗೆದ ಮೇಲೆ. ಅಪ್ಪ ಮಗಳು ಇಬ್ಬರೂ ಒಬ್ಬರಿಗಾಗಿ ಒಬ್ಬರು ಆ ಗುಣಿಯ ಕಡೆ ನಡೆಯುತ್ತಿದ್ದೀರಿ. ನಡುವೆ ನಿಂತು ಕೂಗುವವಳು ನಾನು, ಮುದುಕಿಯ ಬಾಯಿ ಯಾವಾಗಲೂ ಇದ್ದದ್ದೇ ಅಂತ ಇಬ್ಬರಿಗೂ ಕೇಳಿಸುವುದಿಲ್ಲ. ನಿನ್ನ ಮಾತು ಅವನಿಗೆ ಕೇಳಿಸುತ್ತದೆ. ಈ ಪತ್ರ ಮಡಿಸಿ ಇಡುವ ಮೊದಲು ಅವನಿಗೆ ಫೋನು ಮಾಡು. ಎಲ್ಲರೂ ಕೇಳಲಿ, ಚಿಂತೆ ಇಲ್ಲ. ಗುಣಿ ತೆಗೆಯಬೇಡ ಅಪ್ಪಾ, ನನಗೆ ಬೇಡ ಅಂತ ಹೇಳು. ಅತ್ತರೂ ಅಳುತ್ತಲೇ ಹೇಳು, ಇಡಬೇಡ.

ನಿನ್ನ ಹಿಡಿ ಎಲ್ಲಿಯೂ ಹೋಗುವುದಿಲ್ಲ. ವರ್ಷ ತುಂಬಿ ಕಲ್ಲು ಕೂಡಿಸುವ ದಿನ, ಕಲ್ಲಿನ ಕೆಳಗೆ ಮೊದಲ ಹಿಡಿ ವಿಭೂತಿ ನಿನ್ನದೇ. ಕಂಕುಳಲ್ಲಿ ಕೂಸು ಇರಲಿ, ಅದರ ಕೈಯಿಂದಲೂ ಒಂದು ಚಿಟಿಕೆ ಹಾಕಿಸು. ನಮ್ಮವರನ್ನು ನಾವು ಗುಣಿಯಲ್ಲಿ ಮಲಗಿಸುವುದಿಲ್ಲ, ಕೂಡಿಸಿ ಕಳಿಸುತ್ತೇವೆ. ಕುಳಿತವರಿಗೆ ಕಾಯುವುದು ಕಷ್ಟವಲ್ಲ. ಅದರಲ್ಲೂ ನಿನ್ನ ಅಜ್ಜ. ಬಾರದ ಬಸ್ಸಿಗೆ ಸವದತ್ತಿಯ ಸ್ಟ್ಯಾಂಡಿನಲ್ಲಿ ದಿನವಿಡೀ ಕುಳಿತು, ಹೇಗೂ ನೆರಳಿತ್ತು ಅಂದುಕೊಂಡು ಮನೆಗೆ ಬಂದ ಮನುಷ್ಯ.

ಬರುವ ತಿಂಗಳು ಸೀಮಂತದ ಕುಬುಸಕ್ಕೆ ನಾವೆಲ್ಲ ಸಾಲಹಳ್ಳಿಗೆ ಬರುತ್ತೇವೆ, ನಿನ್ನನ್ನು ತವರಿಗೆ ಕರೆತರುತ್ತೇವೆ. ಹಸಿರು ಸೀರೆ ಗಂಗಾ ಆಗಲೇ ತಂದಿದ್ದಾಳೆ, ನನ್ನ ಮನಸ್ಸಿಗೆ ಬಂದಿಲ್ಲ, ಬದಲಿಸುತ್ತೇನೆ. ಅಷ್ಟರೊಳಗೆ ನಿನ್ನ ಕೆನ್ನೆ ತುಂಬಿರಬೇಕು. ಬಾಟಲಿಯ ಹುಳವನ್ನು ಅತ್ತೆಯವರಿಗೂ ಸದಾಶಿವನಿಗೂ ತೋರಿಸು, ಸತ್ಯವ್ವನ ತಂಗಿಗೆ ಮರೆಯದೆ ತೋರಿಸು. ಅದರ ಮುಂಗಾಲು ನೋಡಲಿ. ಮಣ್ಣು ದೂಡಿದ್ದು ಅವೇ.

ನಾಳೆ ಪರಸಪ್ಪ ತನ್ನ ಟಂಟಂ ತೆಗೆದುಕೊಂಡು ರಾಮದುರ್ಗಕ್ಕೆ ಹೋಗುವವನು ಮೊದಲು ನಿಮ್ಮಲ್ಲಿಗೆ ಬರುತ್ತಾನೆ. ಅವನ ಎದುರಿಗೇ ಕುಳಿತು ಊಟ ಮಾಡು. ಫೋನಿನಲ್ಲಿ ಉಂಡೆ ಅಂತ ಹೇಳಬಹುದು, ಪರಸಪ್ಪ ಕಣ್ಣಿನಿಂದ ನೋಡಿ ಬರುತ್ತಾನೆ. ಪುಂಡಿಪಲ್ಯ, ಶೇಂಗಾ ಹಿಂಡಿ ಗಂಗಾ ಕಟ್ಟಿ ಕೊಟ್ಟಿದ್ದಾಳೆ. ನೀನು ಎಷ್ಟು ರೊಟ್ಟಿ ತಿಂದೆ ಅಂತ ನಾನು ಅವನನ್ನು ಕೇಳುತ್ತೇನೆ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ.

ಅತ್ತೆಯವರಿಗೆ ನನ್ನ ಶರಣು. ನಿನ್ನನ್ನು ಮಗಳ ಹಾಗೆ ಕಾಯುತ್ತಿದ್ದಾರೆ, ಫೋನು ಮಾಡಿ ತಿಳಿಸಿದರು, ಅವರ ಉಪಕಾರ ದೊಡ್ಡದು.

ನಿನ್ನನ್ನು ಬೈಯಲಿಕ್ಕೆ ಇನ್ನೂ ಬದುಕಿರುವ
ನಿನ್ನ ಆಯಿ,
ರಾಚವ್ವ

ತಾ.ಕ.: ಪರಸಪ್ಪನ ಬಾಯಿ ಬಿಗಿ ಇಲ್ಲ. ನಿಮ್ಮ ಆಯಿಯೂ ಸೋಮವಾರದಿಂದ ರೊಟ್ಟಿ ಮುಟ್ಟಿಲ್ಲ, ಬರೀ ಚಹಾದ ಮೇಲೆ ಇದ್ದಾಳೆ, ಮೀನಾ ಉಂಡ ಸುದ್ದಿ ಬಂದ ಮೇಲೇ ಅನ್ನುತ್ತಾಳೆ ಅಂತ ಏನಾದರೂ ಹೇಳಿದರೆ ನಂಬಬೇಡ, ಗಂಗಾ ಹೇಳಿಕೊಟ್ಟಿರುತ್ತಾಳೆ. ಆದರೆ ನಿನ್ನ ಊಟವಾದ ಮೇಲೆ ಅವನನ್ನು ಹರಟೆಗೆ ಕೂಡಿಸಿಕೊಳ್ಳದೆ ಬೇಗ ಕಳಿಸು. ಆರಿದ ರೊಟ್ಟಿ ನನ್ನ ಹಲ್ಲಿಗೆ ಬರುವುದಿಲ್ಲ.